ಹಳೆ ತಟ್ಟೆಯೋ, ಮರುಮುದ್ರಣವೋ, ಹೊಸತೋ? ಹಿಂದೂಸ್ತಾನಿ ಧ್ವನಿಮುದ್ರಿಕೆ ಆರಿಸುವ ಬಗೆ

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ‘ಪಿಯಾ ಬಿನ್ ನಹೀ ಆವತ ಚೈನ್’ ಎಂದು ಫೋನಿನಲ್ಲಿ ಹುಡುಕಿ ನೋಡಿ. 1930ರ ದಶಕದ ಅದೇ ಝಿಂಝೋಟಿ ರಾಗದ ಠುಮ್ರಿ (ಭಾವಪ್ರಧಾನ ಲಘು ಹಾಡು), ಗ್ರಾಮಫೋನ್ ತಟ್ಟೆಯ ಒಂದು ಬದಿಯಷ್ಟೇ ಉದ್ದದ್ದು, ಬೇರೆಬೇರೆ ಕಂಪನಿಗಳ ಹೆಸರಿನಲ್ಲಿ ಸಾಲಾಗಿ ಬರುತ್ತದೆ. ಒಂದರಲ್ಲಿ ಕರಕರ ಸದ್ದು ಜೋರು. ಇನ್ನೊಂದರಲ್ಲಿ ಸದ್ದೇ ಇಲ್ಲ, ಆದರೆ ದನಿ ಕಂಬಳಿ ಹೊದ್ದು ಮಲಗಿದವರದ್ದರಂತೆ. ಮತ್ತೊಂದು ಶ್ರುತಿಯಲ್ಲೇ ಮೇಲೆ ಕೂತಿರುತ್ತದೆ. ಇಷ್ಟೊಂದು ನಕಲು ಬರಲು ಕಾರಣ ಕಾನೂನಿನಲ್ಲಿದೆ: ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಮಾತ್ರ. ಅವಧಿ ಮುಗಿದ ತಟ್ಟೆಯನ್ನು ಯಾರು ಬೇಕಾದರೂ ನಕಲಿಸಿ ಮಾರಬಹುದು, ಮತ್ತು ಮಾರುತ್ತಾರೆ. ಒಳ್ಳೆಯ ತಟ್ಟೆ ಹುಡುಕಿ, ಸರಿಯಾದ ಮುಳ್ಳು ಹಾಕಿ, ವೇಗ ಹೊಂದಿಸಿ ನಕಲಿಸಿದವರೂ ಇದ್ದಾರೆ. ಬೇರೆಯವರ ಎಂಪಿ3 ಎತ್ತಿ ಹೊಸ ಚಿತ್ರ ಅಂಟಿಸಿದವರೂ ಇದ್ದಾರೆ.

‘ರೀಮಾಸ್ಟರ್ಡ್’ (ಹಳೆ ಮುದ್ರಣವನ್ನು ಹೊಸದಾಗಿ ಹದಗೊಳಿಸಿದ್ದು) ಎಂಬ ಪದದಿಂದ ಇವರಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ಸಿ.ಡಿ.ಯೋ ಎಲ್.ಪಿ.ಯೋ ಎಂಬ ಜಗಳದಿಂದಲೂ ತಿಳಿಯುವುದಿಲ್ಲ. ಕೇಳಬೇಕಾದ ಮೊದಲ ಎರಡು ಪ್ರಶ್ನೆ ಬೇರೆ: ಇದು ಯಾವುದರಿಂದ ನಕಲಾಗಿದೆ? ಗಾಯನ ಪೂರ್ತಿ ಇದೆಯೇ? ಇವೆರಡಕ್ಕೆ ಉತ್ತರ ಸಿಕ್ಕ ಮೇಲೆ ದನಿಯ ಹದ, ಆಮೇಲೆ ಬೆಲೆ.

ಮೂಲದ ಗುರುತು

ಮೂಲ ಟೇಪಿನಿಂದ ನೇರ ಮಾಡಿದ್ದು, ಒಳ್ಳೆಯ ಎಲ್.ಪಿ.ಯಿಂದ ಮಾಡಿದ್ದು, ಕ್ಯಾಸೆಟ್ಟಿನಿಂದ ಮಾಡಿದ್ದು, ರೇಡಿಯೋದಿಂದ ಹಿಡಿದದ್ದು – ಒಳ್ಳೆಯದರಿಂದ ಕೆಟ್ಟದ್ದಕ್ಕೆ ಸಾಮಾನ್ಯವಾಗಿ ಇದೇ ಕ್ರಮ. ಹೊದಿಕೆಯ ಮೇಲೆ ಏನೇ ಬರೆದಿರಲಿ, ಮೂಲವನ್ನು ಕಿವಿಯಿಂದಲೇ ಪತ್ತೆ ಹಚ್ಚಬಹುದು.

ಟಿಕ್ ಟಿಕ್ ಎಂಬ ಸದ್ದು ಒಂದೇ ಅಂತರದಲ್ಲಿ ಮರುಕಳಿಸುತ್ತಿದ್ದರೆ ಗಡಿಯಾರ ಹಿಡಿಯಿರಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್.ಪಿ.ಗೆ ಒಂದು ಸುತ್ತಿಗೆ 1.8 ಸೆಕೆಂಡು ಬೇಕು, ಅದಕ್ಕೂ ಹಳೆಯ, ನಿಮಿಷಕ್ಕೆ 78 ಸುತ್ತಿನ ತಟ್ಟೆಗೆ (‘78ರ ತಟ್ಟೆ’) 0.77 ಸೆಕೆಂಡು. ‘ಮೂಲ ಟೇಪಿನಿಂದ’ ಎಂದು ಬರೆದ ಸಿ.ಡಿ.ಯಲ್ಲಿ 10 ಟಿಕ್ಕಿಗೆ 18 ಸೆಕೆಂಡು ಹಿಡಿದರೆ ಅದು ಗೀರು ಬಿದ್ದ ಎಲ್.ಪಿ.ಯಿಂದ ಬಂದದ್ದು, ಬೇರೆ ಸಾಕ್ಷಿ ಬೇಡ. ತಂಬೂರಿಯ ದನಿ ನೀರಿನಲ್ಲಿ ಕದಡಿದಂತೆ ನಿಧಾನ ಅಲುಗುತ್ತಿದ್ದರೆ, ನಡುನಡುವೆ ಒಂದು ಕ್ಷಣ ಮಂಕಾಗಿ ಮತ್ತೆ ತಿಳಿಯಾಗುತ್ತಿದ್ದರೆ, ಮೂಲ ಕ್ಯಾಸೆಟ್ಟು.

ಫೈಲು ಕೊಂಡಿದ್ದರೆ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ದನಿಯ ಎತ್ತರಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಿಸಿ. 16 ಕಿಲೋಹರ್ಟ್ಸ್ ಬಳಿ ಚಾಕುವಿನಿಂದ ಕೊಯ್ದ ಹಾಗೆ ಮೇಲಿನದೆಲ್ಲ ಕಪ್ಪಾಗಿದ್ದರೆ ಅದು ಎಲ್ಲೋ ಒಮ್ಮೆ 128 ಕೆಬಿಪಿಎಸ್ ಎಂಪಿ3 ಆಗಿತ್ತು. ಈಗ ‘ಲಾಸ್‌ಲೆಸ್’ ಎಂದು ಮಾರಿದರೂ ಕಳೆದುಹೋದದ್ದು ಮರಳುವುದಿಲ್ಲ. 15 ಕಿಲೋಹರ್ಟ್ಸ್‌ಗೆ ಕಡಿದಿದ್ದರೆ ಎಫ್.ಎಂ. ಪ್ರಸಾರದಿಂದ ಹಿಡಿದದ್ದಿರಬಹುದು. 78ರ ತಟ್ಟೆಗೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅಷ್ಟು ಎತ್ತರದಲ್ಲಿ ಅದರಲ್ಲಿ ಸಂಗೀತವೇ ಇಲ್ಲ.

1960–70ರ ದಶಕದ ಎಚ್.ಎಂ.ವಿ. ಎಲ್.ಪಿ. ಕೊಳ್ಳುವವರು ಸಂಖ್ಯೆಯ ಮುಂದಿನ ಅಕ್ಷರ ನೋಡಿ. ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮೋನೋ, ಅಂದರೆ ಎಡ-ಬಲ ಎರಡರಲ್ಲೂ ಒಂದೇ ದನಿ. ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೋ. ಮೋನೋ ಎಂದ ಕೂಡಲೇ ಕೈಬಿಡುವವರಿದ್ದಾರೆ, ಅದು ತಪ್ಪು ಲೆಕ್ಕ. ಒಬ್ಬ ಗಾಯಕ, ತಬಲಾ, ಪೇಟಿ (ಹಾರ್ಮೋನಿಯಂ) ಅಥವಾ ಸಾರಂಗಿ, ಎರಡು ತಂಬೂರಿ – ಇಷ್ಟಕ್ಕೆ ಒಳ್ಳೆಯ ಮೋನೋ ಸಾಕೇ ಸಾಕು. ದೂರವಿಡಬೇಕಾದದ್ದು ಮೋನೋವನ್ನು ಆಮೇಲೆ ಎಳೆದು ಮಾಡಿದ ಹುಸಿ ಸ್ಟೀರಿಯೋ. ಅದನ್ನು ಹಿಡಿಯುವುದು ಸುಲಭ: ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೋನೋ ಆಡಿಯೋ’ ಹಾಕಿ. ನಿಜವಾದ ಸ್ಟೀರಿಯೋ ಆಗಿದ್ದರೆ ದನಿ ನಡುವಿಗೆ ಬಂದು ಕೂರುತ್ತದೆ. ಹುಸಿಯಾಗಿದ್ದರೆ ದನಿ ತೆಳ್ಳಗಾಗಿ ಟೊಳ್ಳಾಗುತ್ತದೆ, ಏಕೆಂದರೆ ಎಡ-ಬಲಗಳನ್ನು ಬೇರೆ ತೋರಿಸಲು ಮಾಡಿದ ತಂತ್ರ ಕೂಡಿಸಿದಾಗ ಒಂದನ್ನೊಂದು ಅಳಿಸಿಕೊಳ್ಳುತ್ತದೆ.

ಆಕಾಶವಾಣಿಯ ಹಳೆ ಧ್ವನಿಮುದ್ರಣ ಎಂದು ಬರುವವುಗಳಿಗೆ ಇನ್ನೊಂದು ತಾಳೆ ಇದೆ. 1940ರಿಂದ 1970ರ ದಶಕದ ಆರಂಭದವರೆಗೆ ಆಕಾಶವಾಣಿಯಲ್ಲಿ ಪೇಟಿಗೆ ನಿಷೇಧವಿತ್ತು. ಹಾಗಾಗಿ ಆ ಕಾಲದ ಸ್ಟುಡಿಯೋ ಪ್ರಸಾರದಲ್ಲಿ ಸಾಥಿಗೆ (ಪಕ್ಕವಾದ್ಯಕ್ಕೆ) ಸಾಮಾನ್ಯವಾಗಿ ಸಾರಂಗಿ ಇರುತ್ತಿತ್ತು. ‘ಆಕಾಶವಾಣಿ, 1956’ ಎಂದು ಬರೆದದ್ದರಲ್ಲಿ ಪೇಟಿ ಕೇಳಿಸಿದರೆ ಇಸವಿಯನ್ನೋ ಮೂಲವನ್ನೋ ಯಾರೋ ಊಹಿಸಿ ಬರೆದಿದ್ದಾರೆಂದೇ ಲೆಕ್ಕ.

ಪೂರ್ತಿ ಇದೆಯೇ

10 ಇಂಚಿನ 78ರ ತಟ್ಟೆಯಲ್ಲಿ ಒಂದು ಬದಿಗೆ 3ರಿಂದ 3½ ನಿಮಿಷ. ಎಲ್.ಪಿ.ಯಲ್ಲಿ 20–25 ನಿಮಿಷ. ಸಿ.ಡಿ.ಯಲ್ಲಿ 74–80 ನಿಮಿಷ. ಕಲಾವಿದರು ಈ ಅಳತೆಗೆ ತಕ್ಕಂತೆ ಹಾಡಿದ್ದಾರೆ. 78ರ ತಟ್ಟೆಯ ಮಲ್ಲಿಕಾರ್ಜುನ ಮನ್ಸೂರರಿಗೂ ಮುಪ್ಪಿನಲ್ಲಿ ಗಂಟೆಗಟ್ಟಲೆ ಹಾಡಿದ ಮನ್ಸೂರರಿಗೂ ಹೋಲಿಕೆ ಕಟ್ಟಿ ಒಂದನ್ನು ಬಿಡುವುದು ಸಲ್ಲ. ಮೊದಲನೆಯದು ಮೂರು ನಿಮಿಷದೊಳಗೆ ರಾಗದ ಮುಖ ತೋರಿಸುವ ಕಸುಬು, ಎರಡನೆಯದು ರಾಗದಲ್ಲಿ ಕೂತು ಬಿಡಿಸುವುದು. ಕಲಿಯುವ ಮಕ್ಕಳಿಗೆ ಮೊದಲನೆಯದನ್ನೇ ಮೊದಲು ಕೊಡಿ ಎಂಬುದು ನಮ್ಮ ಮತ. ಚೀಜು (ಹಾಡಿನ ರಚನೆ), ರಾಗದ ಚಲನ್ (ಸ್ವರಗಳ ನಡೆ), ಎರಡು ತಾನ್ (ವೇಗದ ಸ್ವರಸರಣಿ) – ಬಾಯಿಪಾಠಕ್ಕೆ ಬೇಕಾದ್ದೆಲ್ಲ ಅಲ್ಲೇ ಇರುತ್ತದೆ.

ಎಡವಟ್ಟಾಗುವುದು ಒಂದು ಅಳತೆಯದನ್ನು ಇನ್ನೊಂದಕ್ಕೆ ತುರುಕಿದಾಗ. ಅಮೀರ್ ಖಾನರ ಪ್ರಸಿದ್ಧ ಎಲ್.ಪಿ.ಯಲ್ಲಿ ಒಂದು ಬದಿ ಮಾರ್ವಾ ರಾಗ, ಇನ್ನೊಂದು ಬದಿ ದರ್ಬಾರಿ. ಇಂಥದ್ದು ಸಿ.ಡಿ.ಗೆ ಹಾಗೇ ಬರಬಲ್ಲದು. ಆದರೆ ಕಚೇರಿಯ ಟೇಪನ್ನು 30 ನಿಮಿಷದ ಕ್ಯಾಸೆಟ್ಟಿನ ಬದಿಗೆ ಕೂರಿಸಿದಾಗ ವಿಲಂಬಿತದ (ನಿಧಾನಗತಿಯ ಭಾಗದ) ನಡುವೆಯೇ ದನಿ ಇಳಿಸಿ ಬದಿ ಮುಗಿಸಿರುತ್ತಾರೆ. ಆ ಕ್ಯಾಸೆಟ್ಟಿನಿಂದ ಮಾಡಿದ ಸಿ.ಡಿ.ಯಲ್ಲೂ ಅದೇ ಇಳಿತ. ಸ್ಟ್ರೀಮಿಂಗಿನಲ್ಲಿ ಇನ್ನೊಂದು ಕಾಟ: ವಿಲಂಬಿತ, ದ್ರುತ (ವೇಗದ ಭಾಗ) ಎರಡನ್ನೂ ಬೇರೆ ಟ್ರ್ಯಾಕ್ ಮಾಡುತ್ತಾರೆ. ಷಫಲ್ ಹಾಕಿದ್ದರೆ ಬಡಾ ಖ್ಯಾಲದ (ವಿಲಂಬಿತ ಗಾಯನದ) ಹಿಂದೆ ಬೇರೆ ಯಾರದ್ದೋ ಭಜನೆ ಬರುತ್ತದೆ, ಷಫಲ್ ಇಲ್ಲದಿದ್ದರೂ ಸಮ್ (ತಾಳದ ಮೊದಲ ಮಾತ್ರೆ) ಬೀಳುವ ಜಾಗದಲ್ಲಿ ಅರ್ಧ ಸೆಕೆಂಡು ಮೌನ. ಆ್ಯಪಿನಲ್ಲಿ ‘ಗ್ಯಾಪ್‌ಲೆಸ್’ ಆಯ್ಕೆ ಇದ್ದರೆ ಹಾಕಿ, ‘ಕ್ರಾಸ್‌ಫೇಡ್’ ಇದ್ದರೆ ಸೊನ್ನೆಗೆ ಇಳಿಸಿ.

ಕೊಳ್ಳುವ ಮುಂಚೆ ಮೊದಲ 20 ಸೆಕೆಂಡು, ಕೊನೆಯ 20 ಸೆಕೆಂಡು ಕೇಳಿ. ತಂಬೂರಿಯಿಂದ ಶುರುವಾಗಿ ಸಮ್‌ಗೆ ಬಂದು ನಿಲ್ಲುತ್ತದೆಯೇ, ಇಲ್ಲಾ ನಡುವಿನಲ್ಲಿ ಬಾಗಿಲು ಹಾಕಿದ್ದಾರೆಯೇ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಗ್ರಾಮಫೋನಿನ ಆರಂಭದ ವರ್ಷಗಳ ತಟ್ಟೆಗಳಲ್ಲಿ ಹಾಡು ಮುಗಿದ ಮೇಲೆ ಕಲಾವಿದರು ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. 1902ರಲ್ಲಿ ಕಲಕತ್ತೆಯಲ್ಲಿ ಮೊದಲು ಮುದ್ರಿಸಿಕೊಂಡ ಗೌಹರ್ ಜಾನರ ‘ಮೈ ನೇಮ್ ಈಸ್ ಗೌಹರ್ ಜಾನ್’ ಅದರಿಂದಲೇ ಹೆಸರಾದದ್ದು. ಆ ಕೂಗನ್ನು ಕತ್ತರಿಸಿದ ಮರುಮುದ್ರಣವನ್ನು ನಾವು ಎರಡನೆಯ ಸಾಲಿಗೆ ಇಡುತ್ತೇವೆ. ಅದನ್ನು ಕತ್ತರಿಸಿದ ಕೈ ಬೇರೆ ಏನನ್ನು ಕತ್ತರಿಸಿದೆಯೋ.

ವೇಗ ತಪ್ಪಿದ್ದರೆ ಶ್ರುತಿಯೂ ತಪ್ಪಿತು

ಹೆಚ್ಚಿನ ಮರುಮುದ್ರಣಗಳು ಸೋಲುವುದು ಇಲ್ಲಿ. ‘78ರ ತಟ್ಟೆ’ ಎನ್ನುತ್ತೇವಾದರೂ ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78 ಸುತ್ತಿನಲ್ಲಿ ಮುದ್ರಣವಾದವಲ್ಲ, ಹಿಂದೆಮುಂದೆ ಇವೆ. 74 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ನುಡಿಸಿದರೆ ವೇಗ ಶೇ 5.4ರಷ್ಟು ಏರುತ್ತದೆ, ಶ್ರುತಿ ಹತ್ತಿರಹತ್ತಿರ ಪೇಟಿಯ ಒಂದು ಪಟ್ಟಿಯಷ್ಟು (ಅರ್ಧ ಸ್ವರದಷ್ಟು) ಮೇಲೆ ಹೋಗುತ್ತದೆ. ಕಪ್ಪು 1ರ ಪಟ್ಟಿಯಲ್ಲಿ ಹಾಡಿದ್ದು ಬಿಳಿ 2ಕ್ಕೆ ಸಮೀಪ ಕೇಳಿಸುತ್ತದೆ. ತಾನ್ ಅವಸರದ್ದಾಗುತ್ತದೆ, ದನಿ ಎಳೆಯದಾಗುತ್ತದೆ, ತಬಲಾ ಚಿಕ್ಕದಾಗಿ ಟಣಟಣ ಎನ್ನುತ್ತದೆ.

ಎರಡು ಮರುಮುದ್ರಣ ಮುಂದಿದ್ದರೆ ಮೊದಲು ಅವಧಿ ಹೋಲಿಸಿ. ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಒಂದು 3 ನಿಮಿಷ 15 ಸೆಕೆಂಡು, ಇನ್ನೊಂದು 3 ನಿಮಿಷ 25 ಸೆಕೆಂಡು ಇದ್ದರೆ ಎರಡರ ವೇಗ ಬೇರೆ, ಒಂದಂತೂ ತಪ್ಪು. ಯಾವುದು ತಪ್ಪು ಎಂದು ತೀರ್ಮಾನಿಸಲು ಟ್ಯೂನರ್ ಆ್ಯಪಿನಲ್ಲಿ ಷಡ್ಜ ಅಳೆಯಿರಿ. ಸಾಥಿಗೆ ಪೇಟಿ ಇದ್ದರೆ ಷಡ್ಜ ಯಾವುದಾದರೂ ಒಂದು ಪಟ್ಟಿಯ ಮೇಲೆ ಕೂರಬೇಕು. ಎರಡು ಪಟ್ಟಿಯ ನಡುವೆ ತ್ರಿಶಂಕುವಾಗಿದ್ದರೆ ವೇಗ ಸಂಶಯಾಸ್ಪದ. ಹಳೆಯ ಪೇಟಿಗಳ ಸುರವೂ ಸ್ವಲ್ಪ ಆಚೀಚೆ ಇರುತ್ತಿದ್ದುದರಿಂದ ಇದನ್ನು ಸುಳಿವಾಗಿ ಮಾತ್ರ ಹಿಡಿಯಿರಿ. ಸಾರಂಗಿ ಇದ್ದರೆ ಈ ದಾರಿಯೂ ಇಲ್ಲ. ಅದೇ ಕಲಾವಿದರ ಅದೇ ಕಾಲದ ಬೇರೆ ತಟ್ಟೆಗಳ ಜೊತೆ ತೂಗಿ ನೋಡಬೇಕು.

ದನಿ ಎಳೆಯದಾಗಿ ಕೇಳಿಸಿತೆಂದು ಕೂಡಲೇ ವೇಗ ಇಳಿಸಲೂ ಬಾರದು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿ ಹೆಸರಿನಲ್ಲಿ ಕೊಟ್ಟ ತಟ್ಟೆಗಳ ದನಿ ತೆಳು, ಎತ್ತರದ್ದು. ನಾವೆಲ್ಲ ಬಲ್ಲ ಆ ಗಂಭೀರ ದನಿ ಗಂಟಲಿನ ಚಿಕಿತ್ಸೆಯ ನಂತರದ್ದು. ಇದನ್ನು ಅರಿಯದೆ ‘ತಟ್ಟೆ ಜೋರಾಗಿ ತಿರುಗಿದೆ’ ಎಂದು ನಿಧಾನಿಸಿದರೆ ಇಲ್ಲದ ಗಾಯಕಿಯೊಬ್ಬಳನ್ನು ಹುಟ್ಟಿಸಿದ ಹಾಗಾಗುತ್ತದೆ. ಅದೇ ರೀತಿ ಕುಮಾರ ಗಂಧರ್ವರ ಬಾಲ್ಯದ ತಟ್ಟೆಗಳಿಗೂ ಕ್ಷಯದಿಂದ ಎದ್ದ ನಂತರ 1950ರ ದಶಕದಿಂದ ಹಾಡಿದ್ದಕ್ಕೂ ಉಸಿರಿನ ಅಳತೆಯೇ ಬೇರೆ. ದನಿಯ ಚರಿತ್ರೆ ಗೊತ್ತಿಲ್ಲದೆ ವೇಗ ತಿದ್ದಲು ಹೋಗಬೇಡಿ.

ಮನೆಯಲ್ಲಿ ಎಲ್.ಪಿ. ನುಡಿಸುವವರಿಗೆ: ಅಮೆರಿಕದಿಂದ ಬಂದ ಹಳೆ ಟರ್ನ್‌ಟೇಬಲ್ 60 ಹರ್ಟ್ಸ್ ಕರೆಂಟಿಗೆ ಮಾಡಿದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ ಆರನೇ ಒಂದು ಭಾಗ ನಿಧಾನ ತಿರುಗುತ್ತದೆ. ಮೋಟರಿನ ರಾಟೆ ಬದಲಿಸದೆ ಸರಿಯಾಗದು. ವೇಗ ನೋಡಲು 180 ಗೆರೆಯ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ತಿರುಗಿಸಿ. 33⅓ ಸರಿ ಇದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. 78ಕ್ಕೆ 77 ಗೆರೆ. ಹಳೆ ಚೋಕಿನ ಟ್ಯೂಬ್‌ಲೈಟೇ ಬೇಕು, ಹೆಚ್ಚಿನ ಎಲ್‌ಇಡಿಗಳು ಹಾಗೆ ಮಿಣುಕುವುದಿಲ್ಲ. ಇನ್‌ವರ್ಟರ್ ಮೇಲೆ ಓಡುವಾಗ ಈ ಪರೀಕ್ಷೆ ನಂಬಬೇಡಿ: ಇನ್‌ವರ್ಟರಿನ ಆವರ್ತನ ತಪ್ಪಿದ್ದರೆ ದೀಪವೂ ಮೋಟರೂ ಒಟ್ಟಿಗೇ ತಪ್ಪುತ್ತವೆ, ಗೆರೆ ಮಾತ್ರ ನಿಂತೇ ಇರುತ್ತದೆ.

ಸದ್ದು ಅಳಿಸುವ ಕೈ

ಕರಕರ ಕಡಿಮೆ ಇದ್ದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದಲೇ ಅತಿ ಹೆಚ್ಚು ಹಾಳಾಗಿರುವುದು. ಟಿಕ್ಕು, ಪಟ್ಟು ತೆಗೆಯುವುದು ಬೇರೆ, ಹಿನ್ನೆಲೆಯ ‘ಸುಯ್’ ತೆಗೆಯುವುದು ಬೇರೆ. ಟಿಕ್ಕು ಕ್ಷಣಮಾತ್ರದ್ದು, ಅದನ್ನು ಕಿತ್ತು ಆ ಜಾಗ ಹೊಲಿಯಬಹುದು, ಸಂಗೀತಕ್ಕೆ ನಷ್ಟವಿಲ್ಲ. ‘ಸುಯ್’ ಮಾತ್ರ ತಂಬೂರಿಯ ಮೇಲಿನ ಝೇಂಕಾರ, ಸ-ಶ-ಚಗಳ ಉಸಿರು, ತಬಲಾದ ಕಿನಾರೆಯ (ಅಂಚಿನ) ನಾದ ಇವೆಲ್ಲ ಇರುವ ಜಾಗದಲ್ಲೇ ಇರುತ್ತದೆ. ತಂತ್ರಾಂಶಕ್ಕೆ ಜವಾರಿಗೂ (ತಂಬೂರಿಯ ಆ ಝೇಂಕಾರಕ್ಕೂ) ಸದ್ದಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪಾಶ್ಚಾತ್ಯ ಆರ್ಕೆಸ್ಟ್ರಾಕ್ಕೆ ಹೊಂದಿಸಿದ ಅಳತೆಯಲ್ಲೇ ಖ್ಯಾಲವನ್ನು ತೊಳೆದರೆ ಮೊದಲು ಹೋಗುವುದು ತಂಬೂರಿ.

ಕೇಳುವ ಜಾಗ ಇದು: ಗಾಯಕರು ಒಂದು ಸಾಲು ಮುಗಿಸಿ ಉಸಿರೆಳೆಯುವ ಕ್ಷಣ. ಅಲ್ಲಿ ತಂಬೂರಿ ಹಾಗೇ ಮುಂದುವರಿದರೆ ಸರಿ. ದನಿ ನಿಂತೊಡನೆ ತಂಬೂರಿಯೂ ಮುಳುಗಿ, ದನಿ ಬಂದೊಡನೆ ಅದೂ ಎದ್ದರೆ ಅತಿಯಾಗಿ ಸೋಸಿದ್ದಾರೆ. ಮೌನದಲ್ಲಿ ಸಣ್ಣ ಗೆಜ್ಜೆ ಉದುರಿದಂತೆ, ನೀರು ತೊಟ್ಟಿಕ್ಕಿದಂತೆ ಚಿಲಿಪಿಲಿ ಕೇಳಿದರೂ ಅದೇ ರೋಗ. ಅದನ್ನು ಮುಚ್ಚಲು ಕೆಲವರು ಮೇಲೆ ಗುಂಯ್ ಎನ್ನುವ ಪ್ರತಿಧ್ವನಿ ಸುರಿಯುತ್ತಾರೆ, ಆಗ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವ ದನಿಯ) ಬಾಲ ಮುಂದಿನ ಸ್ವರದ ಮೇಲೆ ಬೀಳುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. 1925ಕ್ಕೆ ಮುಂಚಿನ ತಟ್ಟೆಗಳಿಗೆ ಮೈಕು ಇರಲಿಲ್ಲ, ಕಹಳೆಯ ಬಾಯಿಗೆ ಹಾಡುತ್ತಿದ್ದರು. ಅಂಥದ್ದರಲ್ಲಿ ತಂಬೂರಿ ಕೇಳದಿದ್ದರೆ ಅದು ಸೋಸಿದವರ ತಪ್ಪಲ್ಲ, ಮೊದಲೇ ಹಿಡಿದಿರಲಿಲ್ಲ. ವಿದ್ಯುತ್ ಮುದ್ರಣದ 1930ರ ದಶಕದ ತಟ್ಟೆಯಲ್ಲೂ ತಂಬೂರಿ ಇಲ್ಲವಾದರೆ ಮಾತ್ರ ಅನುಮಾನಿಸಿ.

78ರ ಕಾಲದ್ದನ್ನು ಕೊಳ್ಳುವವರಿಗೆ ನಮ್ಮ ಸಲಹೆ ನೇರ: ಕರಕರ ಉಳಿಸಿಕೊಂಡು ದನಿ ಉಳಿಸಿದ್ದನ್ನು ತೆಗೆದುಕೊಳ್ಳಿ. ಮೊದಲ ಹತ್ತು ನಿಮಿಷ ಕಿರಿಕಿರಿ, ಆಮೇಲೆ ಕಿವಿಯೇ ಅದನ್ನು ಬದಿಗಿಡುತ್ತದೆ. ಕಳೆದುಹೋದ ದನಿಯನ್ನು ಕಿವಿ ತುಂಬಿಕೊಡಲಾರದು. ಎಲ್.ಪಿ. ಕಾಲದ್ದಕ್ಕೆ ಬಹುಮಟ್ಟಿಗೆ ಸಿ.ಡಿ. ಬಂದ ಆರಂಭದ ಮುದ್ರಣಗಳೇ ವಾಸಿ. ಆಮೇಲಿನವುಗಳಲ್ಲಿ ಎಲ್ಲವನ್ನೂ ಜೋರು ಮಾಡುವ ಚಟ ಹೆಚ್ಚು. ವಿಲಂಬಿತದ ಮೆಲುದನಿಯ ಆಲಾಪವೂ ದ್ರುತದ ಏರು ತಾನೂ ಒಂದೇ ಎತ್ತರದಲ್ಲಿ ಕೇಳಿದರೆ ಅದನ್ನು ಬಿಡಿ. ಆಡಾಸಿಟಿಯಲ್ಲಿ ಅಂಥದ್ದರ ಅಲೆಯ ನೆತ್ತಿ ಚಪ್ಪಟೆಯಾಗಿ ಕಾಣುತ್ತದೆ.

ಹೋಲಿಸುವಾಗ

ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ಮೋಸಹೋಗುತ್ತದೆ. ಎರಡರ ದನಿಮಟ್ಟ ಮೊದಲು ಸಮ ಮಾಡಿ, ಆಮೇಲೆ ಮಾತು. ಬ್ಲೂಟೂತ್ ಬೇಡ, ಅದು ಮತ್ತೊಮ್ಮೆ ಹಿಂಡುತ್ತದೆ. ತಂತಿಯ ಇಯರ್‌ಫೋನ್ ಸಾಕು. ಒಂದೇ ಹಾಡಿನ ಮೂರು ತುಣುಕು, ತಲಾ 40 ಸೆಕೆಂಡಿನಷ್ಟು, ಆರಿಸಿಕೊಳ್ಳಿ: ತಂಬೂರಿ ಮಾತ್ರ ಇರುವ ಆರಂಭ, ಸ-ಶ ಬರುವ ಮುಖಡಾ (ಹಾಡಿನ ಮೊದಲ ಸಾಲು), ತಬಲಾ ಜೋರಾದ ತಾನಿನ ಭಾಗ. ಒಂದಾದ ಮೇಲೆ ಒಂದು, ಅದೇ ತುಣುಕು. ಇಡೀ ಹಾಡು ಕೇಳಿ ಇನ್ನೊಂದನ್ನು ಇಡಿಯಾಗಿ ಕೇಳಿದರೆ ನೆನಪು ಕೈಕೊಡುತ್ತದೆ.

ಮೂರನೆಯ ತುಣುಕಿನಲ್ಲಿ ಡಗ್ಗಾ (ತಬಲಾ ಜೋಡಿಯ ದೊಡ್ಡ, ಕೆಳದನಿಯ ವಾದ್ಯ) ಕಡೆ ಗಮನವಿರಲಿ. ಅಂಗೈಯ ಬುಡ ಒತ್ತಿ ಜಾರಿಸಿದಾಗ ನಾದ ಏರುವುದು ಸ್ಪಷ್ಟವಾಗಿ ಕೇಳಬೇಕು. ಬರೀ ‘ಧಂ’ ಎಂದು ಗುದ್ದಿದರೆ ಕೆಳದನಿಯನ್ನು ಆಮೇಲೆ ಎತ್ತಿದ್ದಾರೆ, ಈಗಿನ ಕಿವಿಗೆ ಹಿಡಿಸಲೆಂದು.

ಆಷಾಢ-ಶ್ರಾವಣದಲ್ಲಿ ಹಂಚಿನ ಮನೆಯಲ್ಲಿ ಸ್ಪೀಕರಿನಿಂದ ಈ ಹೋಲಿಕೆ ಆಗದು. ಹಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಸೋಸಿ ಹಾಳಾದದ್ದೂ ಸೋಸದೆ ಉಳಿದದ್ದೂ ಒಂದೇ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಇಲ್ಲವೇ ದಸರೆಯವರೆಗೆ ತಡೆಯಿರಿ.

ಹೊಸ ಧ್ವನಿಮುದ್ರಣ

ಸದ್ದಿಲ್ಲ, ವೇಗ ಸರಿ, ಪೂರ್ತಿ ಇದೆ. ಹಾಗಿದ್ದೂ ಹೊಸತರಲ್ಲಿ ಬೇರೆ ಬಗೆಯ ಕೊರತೆ. ಮೈಕನ್ನು ತುಟಿಯ ಹತ್ತಿರ ಇಟ್ಟು ಹಿಡಿದ ದನಿ, ಬೇರೆ ಕೋಣೆಯಲ್ಲಿ ಕೂತ ತಬಲಾ, ನಡುವೆ ಯಂತ್ರದ ತಂಬೂರಿ – ಮೂರೂ ಶುದ್ಧ, ಆದರೆ ಒಂದೇ ಕೋಣೆಯ ಗಾಳಿ ಇಲ್ಲ. ಯಂತ್ರದ ತಂಬೂರಿಯನ್ನು ಗುರುತಿಸುವುದು ಕಷ್ಟವಲ್ಲ: ಪ್ರತಿ ಸುತ್ತೂ ಅಚ್ಚು ಹೊಡೆದಂತೆ ಒಂದೇ ಆಗಿರುತ್ತದೆ. ಕೈಯಿಂದ ಮೀಟಿದ್ದು ಒಂದು ಸುತ್ತಿಗಿಂತ ಇನ್ನೊಂದು ಕೂದಲೆಳೆಯಷ್ಟು ಬೇರೆ.

ಶ್ರುತಿ ತಿದ್ದುವ ತಂತ್ರಾಂಶ ಖ್ಯಾಲಕ್ಕೂ ಬಂದಿದೆ. ಮೀಂಡಿನಲ್ಲಿ ಹಿಡಿಯಬಹುದು. ಪಂಚಮದಿಂದ ಗಾಂಧಾರಕ್ಕೆ ಜಾರುವಾಗ ದನಿ ಇಳಿಜಾರಿನಲ್ಲಿ ಬರಬೇಕು, ಮೆಟ್ಟಿಲಿಳಿಯಬಾರದು. ದರ್ಬಾರಿಯ ಆಂದೋಲಿತ (ತೂಗಾಡುವ) ಗಾಂಧಾರ ನೆಟ್ಟಗೆ ಗೆರೆ ಎಳೆದಂತೆ ನಿಂತಿದ್ದರೆ, ಹಾಡಿದವರಿಗೆ ಬಾರದೆ ಹೋಯಿತೋ ತಿದ್ದಿದವರು ಕೊಂದರೋ ಎಂಬುದಷ್ಟೇ ಪ್ರಶ್ನೆ, ಕೊಳ್ಳುವ ಅಗತ್ಯವಂತೂ ಇಲ್ಲ.

ಕಚೇರಿಯ ನೇರ ಮುದ್ರಣ ಸ್ಟುಡಿಯೋದ್ದಕ್ಕಿಂತ ಸಾಮಾನ್ಯವಾಗಿ ಮೇಲು, ಒಂದು ಷರತ್ತಿನ ಮೇಲೆ. ಧ್ವನಿವರ್ಧಕದ ಮಿಕ್ಸರಿನಿಂದ ಮಾತ್ರ ತೆಗೆದದ್ದರಲ್ಲಿ ಸಭಾಂಗಣಕ್ಕೆ ಕೇಳಲೆಂದು ಎತ್ತಿದ ಪೇಟಿ ಗಾಯಕರನ್ನೇ ನುಂಗಿರುತ್ತದೆ, ತಬಲಾ ಒಣಗಿರುತ್ತದೆ. ವೇದಿಕೆಯ ಮುಂದೆ ಬೇರೆ ಎರಡು ಮೈಕು ಇಟ್ಟು ಸೇರಿಸಿದ್ದರೆ ಚಪ್ಪಾಳೆ, ಕೆಮ್ಮು ಬರುತ್ತದೆ, ಬರಲಿ. ಸಿರಸಿ, ಯಲ್ಲಾಪುರ, ಹೊನ್ನಾವರದ ಕಡೆಯ ಸಣ್ಣ ಕಚೇರಿಗಳಾದ ಬೈಠಕ್‌ಗಳನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದ್ದು ಬೇಕಷ್ಟಿದೆ. ಫೋನು ಮೆಲುದನಿಯನ್ನು ತಾನೇ ಎತ್ತಿ ಜೋರುದನಿಯನ್ನು ತಾನೇ ಅದುಮುತ್ತದೆ, ಏರಿಸುವಾಗ ಮತ್ತೊಮ್ಮೆ ಹಿಂಡಿಸಿಕೊಳ್ಳುತ್ತದೆ. ಗಾಯನ ತಿಳಿಯಲು ಅಡ್ಡಿಯಿಲ್ಲ, ದನಿಯ ತೂಕ ಅದರಿಂದ ಅಳೆಯಬೇಡಿ. ಬಸವರಾಜ ರಾಜಗುರುಗಳ ಶಿಷ್ಯರಾದ ಹಾಸಣಗಿಯ ಗಣಪತಿ ಭಟ್ಟರಂಥವರನ್ನು ಎದುರು ಕೂತು ಕೇಳಲು ಸಾಧ್ಯವಿರುವ ಜಿಲ್ಲೆ ನಮ್ಮ ಉತ್ತರ ಕನ್ನಡ, ಒಮ್ಮೆ ಹಾಗೆ ಕೇಳಿದ ಕಿವಿ ಉಳಿದ ಮುದ್ರಣಗಳನ್ನು ತೂಗಲು ಒಳ್ಳೆಯ ತಕ್ಕಡಿ.

ನಮ್ಮ ಹವೆಯಲ್ಲಿ ಯಾವ ರೂಪ ಬಾಳುತ್ತದೆ

ಘಟ್ಟದ ಕೆಳಗೆ ಉಪ್ಪುಗಾಳಿ, ಘಟ್ಟದ ಮೇಲೆ ನಾಲ್ಕು ತಿಂಗಳ ತೇವ. ಒಣಹವೆಯ ಊರಿನ ಮಾರ್ಗದರ್ಶಿಯಲ್ಲಿ ಬರೆದದ್ದು ಇಲ್ಲಿ ನಡೆಯುವುದಿಲ್ಲ.

ಎಲ್.ಪಿ.ಗೆ ಬೂಷ್ಟು ಹಿಡಿದರೂ ತೊಳೆಯಬಹುದು: ಡಿಸ್ಟಿಲ್ಡ್ ನೀರು, ಒಂದೆರಡು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ, ಗೆರೆಯ ದಿಕ್ಕಿನಲ್ಲೇ ಸುತ್ತಿಗೆ, ನಡುವಿನ ಲೇಬಲ್ ನೆನೆಯದಂತೆ. ಬೂಷ್ಟು ಹಿಡಿದ ಒಳಕಾಗದ ಎಸೆದುಬಿಡಿ, ಇಲ್ಲದಿದ್ದರೆ ಮತ್ತೆ ಬರುತ್ತದೆ. 78ರ ತಟ್ಟೆ ಅರಗಿನದು, ಅದಕ್ಕೆ ಸ್ಪಿರಿಟ್ ಅಥವಾ ಆಲ್ಕೋಹಾಲ್ ತಾಗಿಸಿದರೆ ಮೈಯೇ ಕರಗುತ್ತದೆ. ನುಡಿಸುವ ಮುಳ್ಳೂ ಬೇರೆ: ಎಲ್.ಪಿ.ಗೆ 18–25 ಮೈಕ್ರಾನಿನ ತುದಿ, 78ಕ್ಕೆ 65–75. ಎಲ್.ಪಿ. ಮುಳ್ಳು 78ರ ಗೆರೆಯ ತಳಕ್ಕೆ ಇಳಿದು ಕಸದಲ್ಲಿ ಓಡುತ್ತದೆ, ಬರೀ ಸದ್ದು ಬರುತ್ತದೆ, ಮುಳ್ಳೂ ಸವೆಯುತ್ತದೆ. ಹಳೆ ತಟ್ಟೆ ಕೊಳ್ಳುವಾಗ ನಡುವಿನ ತೂತಿನ ಸುತ್ತ ನೋಡಿ. ಅಲ್ಲಿ ಗೀರು ಹೆಚ್ಚಿದ್ದಷ್ಟೂ ಹೆಚ್ಚು ಸಲ ಏರಿಳಿದ ತಟ್ಟೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಗೆರೆಗಳು ಬೂದಿಬಣ್ಣಕ್ಕೆ ತಿರುಗಿದ್ದರೆ ಸವೆದಿದೆ, ತೊಳೆದರೆ ಸರಿಯಾಗದು. ಈಗ ಹೊಸದಾಗಿ ಬರುವ 180 ಗ್ರಾಮಿನ ಎಲ್.ಪಿ.ಗಳಲ್ಲಿ ತೂಕಕ್ಕೂ ದನಿಗೂ ಸಂಬಂಧವಿಲ್ಲ. ಡಿಜಿಟಲ್ ಫೈಲಿನಿಂದ ಕೊರೆದದ್ದಾದರೆ ಅದೇ ಫೈಲು ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಮೊದಲು ನೋಡಿ.

ಕಂಪನಿಯ ಅಚ್ಚಿನ ಸಿ.ಡಿ. ಇಲ್ಲಿ ಸಾಕಷ್ಟು ಬಾಳುತ್ತದೆ. ಕೆಳಮೈ ಹಸಿರು ಅಥವಾ ನೀಲಿ ಛಾಯೆಯದ್ದಾದರೆ ಅದು ಮನೆಯಲ್ಲಿ ಸುಟ್ಟ ಸಿ.ಡಿ., ಬಣ್ಣ ಮಾಸಿದಂತೆ ಓದಲಾಗದೆ ಹೋಗುತ್ತದೆ; ಕೊಳ್ಳಬೇಡಿ, ಇದ್ದರೆ ಇಂದೇ ನಕಲಿಸಿ. ಅಡುಗೆಮನೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡುವವರಿದ್ದಾರೆ. ತೇವ ತಪ್ಪುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ತಟ್ಟೆಗೆ ಹತ್ತುತ್ತದೆ, ಬೇಸಿಗೆಯ ಕಾವು ಎಲ್.ಪಿ.ಯನ್ನು ಬಾಗಿಸುತ್ತದೆ. ರಬ್ಬರ್ ಅಂಚಿನ ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಜೊತೆಗೆ ಸಿಲಿಕಾ ಜೆಲ್ ಚೀಲ ಹಾಕಿ. ಜೆಲ್ ಬಣ್ಣ ಬದಲಿಸಿದಾಗ ಹುರಿದು ಒಣಗಿಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಲ್ಲ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ವಿಷ.

ಸ್ಟ್ರೀಮಿಂಗಿಗೆ ಬೂಷ್ಟು ಹಿಡಿಯದು, ನೆಟ್‌ವರ್ಕ್ ಸಿಗದು. 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ 144 ಎಂ.ಬಿ., ಲಾಸ್‌ಲೆಸ್ ಆದರೆ ಸುಮಾರು ಅದರ ಎರಡು-ಮೂರು ಪಟ್ಟು. ಸಿದ್ದಾಪುರ, ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಆ್ಯಪು ತಾನಾಗಿ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ, ಹೇಳುವುದೂ ಇಲ್ಲ. ಪೇಟೆಗೆ ಬಂದಾಗ ಅತ್ಯುತ್ತಮ ಗುಣಮಟ್ಟಕ್ಕೆ ಇಟ್ಟು ಇಳಿಸಿಕೊಂಡು ಹೋಗುವುದೇ ದಾರಿ. ಸ್ಟ್ರೀಮಿಂಗಿನಲ್ಲಿ ರಾಗದ ಹೆಸರು ತಪ್ಪಾಗಿರುವುದು, ಸಾಥಿದಾರರ ಹೆಸರೇ ಇಲ್ಲದಿರುವುದು ನಿತ್ಯದ ಕತೆ. ಚಂದಾ ಮುಗಿದರೆ, ಕಂಪನಿ ಹಿಂಪಡೆದರೆ ಹಾಡೂ ಹೋಯಿತು. ಬೇಕೇಬೇಕಾದ್ದನ್ನು ಫೈಲಾಗಿಯೋ ಸಿ.ಡಿ.ಯಾಗಿಯೋ ಕೊಂಡಿಡಿ, ಉಳಿದದ್ದಕ್ಕೆ ಸ್ಟ್ರೀಮಿಂಗ್.

ಮರುಮುದ್ರಣವೇ ಇಲ್ಲದ್ದು

ಮನೆಮನೆಯಲ್ಲಿರುವ ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕರ್ಧ ಮತ್ತೆ ಎಂದೂ ಬಾರದಂಥವು: ಮನೆಯ ಬೈಠಕ್, ತಾಳಮದ್ದಳೆ, ಬಡಗುತಿಟ್ಟು ಯಕ್ಷಗಾನದ ಭಾಗವತಿಕೆ. ಇವಕ್ಕೆ ಹೋಲಿಸಲು ಎರಡನೆಯ ಪ್ರತಿ ಇಲ್ಲ, ನೀವು ಮಾಡುವ ನಕಲೇ ಮರುಮುದ್ರಣ.

ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ನುಡಿಸಬೇಡಿ. ಅದು ಬೂಷ್ಟು, ಡೆಕ್ಕಿನ ಹೆಡ್ಡಿಗೆ (ಟೇಪು ಓದುವ ಭಾಗಕ್ಕೆ) ಹತ್ತಿ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಅಂಟುತ್ತದೆ. ಅಂಥದ್ದನ್ನು ಬೇರೆ ಇಟ್ಟು, ಬೇಸಿಗೆಯಲ್ಲಿ ಒಣಗಿದ ಮೇಲೆ ಒರೆಸಿ ನೋಡುವುದು. ಒಳಗಿನ ಸಣ್ಣ ಸ್ಪಂಜಿನ ಒತ್ತು ಕಳಚಿದ್ದರೆ ದನಿ ಮಂಕಾಗಿ ಬಂದುಹೋಗಿ ಮಾಡುತ್ತದೆ. ಸ್ಕ್ರೂ ಇರುವ ಖಾಲಿ ಕವಚಕ್ಕೆ ಎರಡೂ ಸುರುಳಿ ವರ್ಗಾಯಿಸಿ. ಆಮೇಲೆ ಒಮ್ಮೆ ಕೊನೆಯವರೆಗೆ ಸುತ್ತಿ, ಹಿಂದಕ್ಕೆ ಸುತ್ತಿ, ಬಿಗಿತ ಸಮವಾಗಲಿ. ಕಂಪ್ಯೂಟರಿಗೆ ನಕಲಿಸುವಾಗ ದನಿಮಟ್ಟವನ್ನು ಚಂಡೆಯ ಅತಿ ಜೋರಿನ ಪೆಟ್ಟಿಗೆ ಹೊಂದಿಸಿ, ಅದು ಮೈನಸ್ 6 ಡೆಸಿಬೆಲ್ ದಾಟಬಾರದು; ಭಾಗವತರ ದನಿಗೆ ಹೊಂದಿಸಿದರೆ ಚಂಡೆ ಒಡೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ಮುದ್ರಿಸಿದ ಡೆಕ್ಕಿನ ಹೆಡ್ಡಿಗೂ ನಿಮ್ಮದಕ್ಕೂ ಕೋನ ಕೂದಲಷ್ಟು ಬೇರೆ ಇದ್ದರೆ ಮೇಲಿನ ದನಿಯೆಲ್ಲ ಸಾಯುತ್ತದೆ. ಮೋನೋದಲ್ಲಿ ಕೇಳುತ್ತಾ, ತಾಳದ ಸದ್ದು ಅತಿ ಸ್ಪಷ್ಟವಾಗುವವರೆಗೆ ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿ. ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು. ಹೊದಿಕೆಯಲ್ಲಿ ಡಾಲ್ಬಿ (‘ಸುಯ್’ ತಗ್ಗಿಸುವ ವ್ಯವಸ್ಥೆ) ಎಂದಿಲ್ಲದಿದ್ದರೆ ಡೆಕ್ಕಿನ ಡಾಲ್ಬಿ ಗುಂಡಿ ಆಫ್ ಮಾಡಿಡಿ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಉಳಿಸಿ, ಯಾವ ಸದ್ದನ್ನೂ ತೆಗೆಯಬೇಡಿ. ತೆಗೆಯುವ ಉಪಕರಣಗಳು ಮುಂದೆ ಇನ್ನೂ ಸುಧಾರಿಸುತ್ತವೆ, ಆಗ ಈ ಕಚ್ಚಾ ಫೈಲು ಬೇಕಾಗುತ್ತದೆ. ಫೈಲಿನ ಹೆಸರಿನಲ್ಲೇ ರಾಗ ಅಥವಾ ಪ್ರಸಂಗ, ಕಲಾವಿದರು, ಸಾಥಿದಾರರು, ಊರು, ಇಸವಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ.